ಹದಿಮೂರು ಅಡಿ

ಸಂಪು ಎಂದರೇನೆಂದು ಬೆಂಗಳೂರಿನ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮನೆಯ ಮುಂದೆ ನೆಲದಡಿ ಒಂದು ತೊಟ್ಟಿ, ಅದರೊಳಗೆ ನಲ್ಲಿಯ ನೀರು, ಅದನ್ನು ತಾರಸಿಗೆ ತಳ್ಳಲು ಒಂದು ಮೋಟಾರು. ಆದರೆ ಮೀನುಗಳಿಗೂ ಒಂದು ಸಂಪು ಬೇಕಾಗುತ್ತದೆ, ಅದನ್ನು ನೆಲಮಾಳಿಗೆಯಲ್ಲಿ ಇಡಬೇಕಾಗುತ್ತದೆ, ಅದಕ್ಕೊಂದು ಪಂಪು ಆರಿಸಿ ತರುವಷ್ಟರಲ್ಲಿ ಗೃಹಸ್ಥನಾದವನು ಹೆಂಡತಿಯ ಮುಂದೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ ಎಂದು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ನಾನು ಮೂವತ್ತನಾಲ್ಕು ವರ್ಷ ಸರ್ಕಾರದ ಲೆಕ್ಕ ಬರೆದು ನಿವೃತ್ತನಾದವನು. ದಿಲ್ಲಿಗೆ ಬಂದದ್ದು ನೌಕರಿಗಾಗಿ, ಉಳಿದದ್ದು ಅಭ್ಯಾಸಬಲದಿಂದ. ನಮ್ಮದು ಕೆಳಗಿನ ಅಂತಸ್ತಿನ ಮನೆ. ದಿಲ್ಲಿಯ ಇಂಥ ಎಷ್ಟೋ ಮನೆಗಳಿಗಿರುವಂತೆ ನಮ್ಮದಕ್ಕೂ ಅಡಿಯಲ್ಲಿ ಒಂದು ನೆಲಮಾಳಿಗೆ ಇದೆ. ಮುರಿದ ಕುರ್ಚಿ, ಚಳಿಗಾಲದ ರಜಾಯಿ, ಊರಿನಿಂದ ತಂದು ಉಪಯೋಗಿಸದೆ ಉಳಿದ ದೊಡ್ಡ ದೊಡ್ಡ ಪಾತ್ರೆಗಳು ಇವೆಲ್ಲ ಅಲ್ಲಿ ವಾಸವಾಗಿವೆ.

ಮೀನುಗಳ ವಂಶಾವಳಿ ಹೀಗೆ. 2012ರಲ್ಲಿ ನಮ್ಮ ಮಗಳು, ಆಗ ಅವಳಿಗೆ ಹತ್ತು ವರ್ಷ, ಪ್ಲಾಸ್ಟಿಕ್ ಚೀಲದಲ್ಲಿ ಎರಡು ಹೊನ್ನಮೀನು ಹಿಡಿದುಕೊಂಡು ಮನೆಗೆ ಬಂದಳು. ಅಂಗಡಿಯವನು ಗಾಜಿನ ಬೋಗುಣಿಯನ್ನೂ ಕೊಟ್ಟು ಕಳುಹಿಸಿದ್ದ. ಹೊನ್ನಮೀನು ಬೋಗುಣಿಯ ಪ್ರಾಣಿಯಲ್ಲ. ಚೀನದವರು ಸಾವಿರ ವರ್ಷಕ್ಕೂ ಹಿಂದಿನಿಂದ ಕೊಳಗಳಲ್ಲಿ ಸಾಕಿ ಬಣ್ಣ ಬರಿಸಿದ ಕೆರೆಮೀನಿನ ಸಂತತಿ ಅದು; ಜಾಗ ಕೊಟ್ಟರೆ ಗೇಣುದ್ದ ಬೆಳೆಯುತ್ತದೆ, ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ, ತಿಂದದ್ದಕ್ಕೆ ಸರಿಯಾಗಿ ನೀರನ್ನು ಕೆಡಿಸುತ್ತದೆ. ಬೋಗುಣಿ ಹೋಗಿ ಪೆಟ್ಟಿಗೆ ಬಂತು, ಪೆಟ್ಟಿಗೆ ಹೋಗಿ ತೊಟ್ಟಿ ಬಂತು. ಕೊನೆಗೆ ನಡುಮನೆಯ ಒಂದು ಗೋಡೆಯನ್ನೇ ಹಿಡಿದುಕೊಂಡು ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಗಾಜಿನ ತೊಟ್ಟಿ ನಿಂತಿತು. ಸುಮಾರು ಐನೂರು ಲೀಟರು ನೀರು, ಮೀನುಗಳು ಏಳು. ಅಷ್ಟರಲ್ಲಿ ಮಗಳು ಓದಲು ಹೊರಟುಹೋದಳು.

ಅವಳು ಹೋದಮೇಲೆ ಆ ಮೀನುಗಳು ನನ್ನಾಕೆಯ ಪಾಲಿಗೆ ಬಂದವು. ದಿಲ್ಲಿಯಲ್ಲಿ ಹಗಲು ಹೊತ್ತು ಕನ್ನಡ ಆಡಬೇಕೆಂದರೆ ಆಕೆಗೆ ಯಾರಿದ್ದಾರೆ? ನಾನು ಪತ್ರಿಕೆಯ ಹಿಂದೆ ಇರುತ್ತೇನೆ. ಕೆಲಸದವಳೊಡನೆ ಹಿಂದಿ, ಪಕ್ಕದ ಮನೆಯ ಪಂಜಾಬಿ ಅಮ್ಮನೊಡನೆ ಹಿಂದಿ, ತರಕಾರಿಯವನೊಡನೆ ಹಿಂದಿಯಲ್ಲಿ ಜಗಳ. ಸಾಗರದ ಕಡೆಯ ಕನ್ನಡದಲ್ಲಿ, ಗಂಟಲು ಬಿಚ್ಚಿ, ಎದುರು ಮಾತಿಲ್ಲದೆ ಕೇಳುವವರೆಂದರೆ ಈ ಏಳು ಜನವೇ. “ಏನೋ, ಇವತ್ತು ಮುಖ ಸಣ್ಣದಾಗಿದೆಯಲ್ಲ?” ಎಂದು ಆಕೆ ಕೇಳುವುದು ನನ್ನನ್ನೆಂದು ತಿಳಿದು ನಾನು ಎಷ್ಟೋ ಸಲ ಉತ್ತರ ಕೊಟ್ಟು ಪೆಚ್ಚಾಗಿದ್ದೇನೆ.

2023ರ ಬೇಸಗೆಯಲ್ಲಿ ಎರಡು ದೊಡ್ಡ ಮೀನುಗಳು ಸತ್ತವು. ತೊಟ್ಟಿಯ ನೀರು 34 ಡಿಗ್ರಿಗೆ ಏರಿತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಮೆಯಾಗುತ್ತದೆ: 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಮು ಹಿಡಿಯುವ ನೀರು 35ರಲ್ಲಿ 7 ಮಿಲಿಗ್ರಾಮು ಮಾತ್ರ ಹಿಡಿಯುತ್ತದೆ. ಮೀನಿಗಾದರೋ ಬಿಸಿಯಲ್ಲಿ ಉಸಿರು ಹೆಚ್ಚು ಬೇಕು. ಹೊನ್ನಮೀನು ಹುಟ್ಟಿನಿಂದಲೇ ತಣ್ಣೀರಿನದು. ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದುದನ್ನು ನಾವಿಬ್ಬರೂ ನೋಡುತ್ತ ಕುಳಿತಿದ್ದೆವು. ಮಗಳಿಗೆ ತಿಳಿಸುವ ಕೆಲಸ ನನಗೆ ಬಂತು.

ಆಗ ಹೊಳೆದದ್ದು ನೆಲಮಾಳಿಗೆ. ಹೊರಗೆ ಬೆಂಕಿ ಸುರಿಯುವಾಗಲೂ ಅಲ್ಲಿ ತಂಪು. ಅಲ್ಲೊಂದು ಇನ್ನೂರೈವತ್ತು ಲೀಟರಿನ ಸಂಪು ಇಟ್ಟು, ಮೇಲಿನ ತೊಟ್ಟಿಯ ಅಂಚಿನಿಂದ ತುಳುಕಿದ ನೀರು ಕೊಳವೆಯಲ್ಲಿ ತಾನಾಗಿ ಅಲ್ಲಿಗಿಳಿಯುವಂತೆ ಮಾಡುವುದು. ಸ್ಪಂಜು, ಕಲ್ಲು, ಬಲೆಗಳ ನಡುವೆ ಹಾಯಿಸಿ ಸೋಸುವುದು. ಮೇಲೊಂದು ಸಣ್ಣ ಫ್ಯಾನು ಬೀಸಿ ಆರಿಸುವುದು. ಮತ್ತೆ ಮೇಲಕ್ಕೆ ಕಳುಹಿಸುವುದು. ಇಳಿಯುವುದಕ್ಕೆ ಭೂಮಿತಾಯಿಯ ಸಹಾಯವುಂಟು. ಏರಿಸುವುದಕ್ಕೆ ಪಂಪು ಬೇಕು.

2024ರ ಫೆಬ್ರವರಿಯಲ್ಲಿ ಮೊದಲನೆಯ ಪಂಪು ಬಂತು. ಲೆಕ್ಕ ನನ್ನದೇ. ತೊಟ್ಟಿಯ ನೀರು ಗಂಟೆಗೆ ನಾಲ್ಕೈದು ಸಲ ತಿರುಗಿ ಬರಬೇಕು. ಐನೂರಕ್ಕೆ ಐದರಿಂದ ಗುಣಿಸಿದರೆ ಎರಡೂವರೆ ಸಾವಿರ. ಕೈಯಳತೆಗೆ ಇನ್ನೈನೂರು ಸೇರಿಸಿ ಗಂಟೆಗೆ 3000 ಲೀಟರು ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದ ಪಂಪನ್ನು ತಂದೆ. ಕೂಡಿಸಿ ಗುಂಡಿ ಒತ್ತಿದೆ. ಪಂಪು ಗುಂಯ್‌ಗುಡಿತು. ನಾನು ಮೆಟ್ಟಿಲು ಹತ್ತಿ ಮೇಲೆ ಬಂದು ಕೊಳವೆಯ ಬಾಯಿ ನೋಡುತ್ತ ನಿಂತೆ. ಐದು ನಿಮಿಷವಾಯಿತು, ಹತ್ತು ನಿಮಿಷವಾಯಿತು. ಒಂದು ಹನಿ ಇಲ್ಲ. ಪೆಟ್ಟಿಗೆಯನ್ನು ತಿರುಗಿಸಿ ನೋಡಿದರೆ ಹಿಂಬದಿಯಲ್ಲಿ, ಸಣ್ಣಕ್ಷರದಲ್ಲಿ, ಗರಿಷ್ಠ ಎತ್ತರ 3 ಮೀಟರು ಎಂದಿತ್ತು. ನೀರು ಹತ್ತಡಿ ಏರಿ, ಅಲ್ಲಿಗೆ ತನ್ನ ಕರ್ತವ್ಯ ಮುಗಿಯಿತೆಂದು ಕೊಳವೆಯೊಳಗೆ ನಿಂತಿತ್ತು.

ಎರಡನೆಯದು ಬಂದದ್ದು ಮಾರ್ಚಿಯಲ್ಲಿ. ಈ ಸಲ ಹಿಂಬದಿಯನ್ನೂ ಓದಿದೆ. ಗಂಟೆಗೆ 5000 ಲೀಟರು, ಎತ್ತರ ನಾಲ್ಕೂವರೆ ಮೀಟರು. ನಮ್ಮದು ನಾಲ್ಕು ಮೀಟರಿನ ಆಸುಪಾಸು ಇರಬಹುದೆಂದು ಕಣ್ಣಳತೆಯಲ್ಲೇ ನಿಶ್ಚಯಿಸಿ, ಮನೆಯಲ್ಲಿ ಮಿಕ್ಕಿದ್ದ ಮುಕ್ಕಾಲಿಂಚಿನ ಕೊಳವೆಯನ್ನೇ ಹಾಕಿಸಿದೆ. ನೀರು ಬಂತು, ಆದರೆ ಶಿವಲಿಂಗದ ಮೇಲಿನ ಅಭಿಷೇಕದ ಧಾರೆಯಂತೆ ಬಂತು. ಆದರೂ ಬಂತಲ್ಲ ಎಂದು ಎದೆಯುಬ್ಬಿಸಿ ಹಿಂದಿರುಗಿದೆ. ಕರೆಂಟು ಹೋದಾಗ ನೀರು ಅದೇ ಕೊಳವೆಯಲ್ಲಿ ಹಿಂದಕ್ಕೆ ಇಳಿಯಬಾರದಲ್ಲವೇ, ಅದಕ್ಕಾಗಿ ಒಂದೇ ಕಡೆಗೆ ತೆರೆಯುವ ವಾಲ್ವನ್ನೂ ಜೋಡಿಸಿದ್ದೆ. ಎರಡು ಸಲ ಪರೀಕ್ಷೆಯನ್ನೂ ಮಾಡಿದ್ದೆ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಸಂಪಿಗೆ ಜಾಗ ಬೇಕಾದಾಗ ನೆಲಮಾಳಿಗೆಯಲ್ಲಿದ್ದ ಒಂದು ಹಳೆಯ ಟ್ರಂಕನ್ನು ಗುಜರಿಯವನಿಗೆ ಕೊಟ್ಟು, ಅದರೊಳಗಿದ್ದ ಕಾಗದಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಿ ಸಂಪಿನ ಮಗ್ಗುಲಲ್ಲೇ ನೆಲದ ಮೇಲೆ ಇಟ್ಟಿದ್ದೆ. ಅವು ನನ್ನಾಕೆ ಮದುವೆಯಾಗಿ ದಿಲ್ಲಿಗೆ ಬಂದ ಮೇಲೆ ತೌರಿನಿಂದ ಬಂದ ಪತ್ರಗಳು. ನೀಲಿ ಇನ್‌ಲ್ಯಾಂಡ್ ಪತ್ರಗಳು. ತಂದೆಯವು ಶಾಯಿ ಪೆನ್ನಿನಲ್ಲಿ ಬರೆದವು, ತಾಯಿಯವು ಬಾಲ್ ಪೆನ್ನಿನಲ್ಲಿ.

ಏಪ್ರಿಲ್ ತಿಂಗಳ ಒಂದು ರಾತ್ರಿ ಕರೆಂಟು ಹೋಯಿತು. ಪಂಪು ನಿಂತಿತು. ವಾಲ್ವಿನ ನಾಲಿಗೆಯಲ್ಲಿ ಯಾವುದೋ ಎಲೆಯ ಚೂರು ಸಿಕ್ಕಿಕೊಂಡು ಅದು ಮುಚ್ಚಲಿಲ್ಲ. ಮೇಲಿನ ತೊಟ್ಟಿಯಲ್ಲಿ ಕೊಳವೆಯ ಬಾಯನ್ನು ನಾನು ನೀರಿನೊಳಗೆ ಆರು ಅಂಗುಲ ಮುಳುಗಿಸಿಟ್ಟಿದ್ದೆ, ಸದ್ದಾಗಬಾರದೆಂದು. ಆ ಬಾಯಿ ಗಾಳಿ ಕಾಣುವವರೆಗೂ ನೀರು ಹಿಂದಕ್ಕೆ ಸೇದಿಕೊಂಡು ಇಳಿಯುತ್ತಲೇ ಇತ್ತು. ಆಮೇಲೆ ಲೆಕ್ಕ ಹಾಕಿ ನೋಡಿದೆ. ಆ ತೊಟ್ಟಿಯಲ್ಲಿ ಒಂದಂಗುಲ ನೀರೆಂದರೆ ಸುಮಾರು 24 ಲೀಟರು. ಆರು ಅಂಗುಲಕ್ಕೆ 140ರ ಮೇಲೆ. ಸಂಪಿನಲ್ಲಿ ಆಗ ಖಾಲಿ ಇದ್ದ ಜಾಗ 120. ಹೆಚ್ಚಾದದ್ದು ಒಂದೇ ಬಕೆಟ್ಟು ನೀರು. ಒಂದೇ ಒಂದು ಬಕೆಟ್ಟು.

ಬೆಳಿಗ್ಗೆ ರಟ್ಟಿನ ಪೆಟ್ಟಿಗೆ ಎತ್ತಿದರೆ ತಳ ಕಳಚಿ ಬಂತು. ಅಡಿಯಲ್ಲಿದ್ದವು ತಂದೆಯ ಪತ್ರಗಳು. ಶಾಯಿ ಎಲ್ಲ ಕರಗಿ ಕಾಗದದ ನೀಲಿಯೊಳಗೆ ಇನ್ನೊಂದು ನೀಲಿಯಾಗಿ ಹರಡಿಕೊಂಡಿತ್ತು. ನನ್ನಾಕೆ ಒಂದು ಮಾತೂ ಆಡಲಿಲ್ಲ. ಮೇಲೆ ತಂದು ಬಟ್ಟೆ ಒಣಹಾಕುವ ಹಗ್ಗಕ್ಕೆ ಒಂದೊಂದನ್ನೇ ಕ್ಲಿಪ್ಪು ಹಾಕಿ ನೇತುಹಾಕಿದಳು. ಅಂದು ಮೀನುಗಳೊಡನೆಯೂ ಮಾತಾಡಲಿಲ್ಲ.

ಅದೇ ತಿಂಗಳ ಕೊನೆಯಲ್ಲಿ ಆಕೆಯ ಅಣ್ಣ ಬಂದರು. ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕುಳಿತು, ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಗಳ ಸಮೇತ ಇಳಿದರು. ಅವರು ಸಾಗರದ ಕಡೆ ಅಡಕೆ ತೋಟ ಮಾಡಿಕೊಂಡಿರುವವರು. ಅವರು ಹಾಲಿನಲ್ಲಿ ಕುಳಿತು ಆ ನೀಲಿ ಕಾಗದಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಅವರಿಗೂ ಅದು ತಂದೆಯ ಕೈಬರಹ ತಾನೆ. ನಾನು ಏನು ಹೇಳಲೆಂದು ತಿಳಿಯದೆ ನಿಂತಿದ್ದೆ. ಕಾಗದಗಳನ್ನು ಜೋಡಿಸಿ ತಂಗಿಯ ಕೈಗೆ ಕೊಟ್ಟು ಅವರು ನನ್ನತ್ತ ತಿರುಗಿ, “ಭಾವ, ಎಷ್ಟು ಅಡಿ ಎತ್ತಬೇಕು ನೀರು?” ಎಂದರು.

“ನಾಲ್ಕು ಮೀಟರಿನ ಹತ್ತಿರ ಹತ್ತಿರ.”

“ಹತ್ತಿರವೆಂದರೆ ಆಗಲಿಲ್ಲ. ಟೇಪು ಇದೆಯೇ ಮನೆಯಲ್ಲಿ?”

ಅಳೆದೆವು. ನೆಲಮಾಳಿಗೆಯ ನೆಲದಿಂದ ನಡುಮನೆಯ ನೆಲಕ್ಕೆ, ಚಾವಣಿಯ ದಪ್ಪವೂ ಸೇರಿ, ಹತ್ತಡಿ. ತೊಟ್ಟಿಯ ಕಾಲುಮಣೆ ಎರಡೂವರೆ, ತೊಟ್ಟಿ ಎರಡು. ಒಟ್ಟು ಹದಿನಾಲ್ಕೂವರೆ. ಸಂಪಿನ ನೀರಿನ ಮಟ್ಟ ನೆಲದಿಂದ ಒಂದೂವರೆ ಅಡಿ ಮೇಲಿದೆ, ಅದನ್ನು ಕಳೆಯಬೇಕು. ಹದಿಮೂರು ಅಡಿ. ನೀರಿನ ಮೇಲ್ಮೈಯಿಂದ ನೀರು ಬೀಳುವ ಬಾಯಿಯವರೆಗೆ ಲೆಕ್ಕವೇ ಹೊರತು ಪಂಪು ಕುಳಿತಿರುವ ತಳದಿಂದ ಅಲ್ಲ ಎಂಬುದು ನನಗೆ ಅಂದು ತಿಳಿದ ಮೊದಲನೆಯ ಪಾಠ.

ಆಮೇಲೆ ಅವರು ಬಕೆಟ್ಟು ಕೇಳಿದರು. ಇಪ್ಪತ್ತು ಲೀಟರಿನ ಬಕೆಟ್ಟನ್ನು ಕೊಳವೆಯ ಬಾಯಿಗೆ ಹಿಡಿದು, ನನ್ನ ಕೈಗಡಿಯಾರ ನೋಡುತ್ತ ಕುಳಿತರು. ತುಂಬಲು ಎರಡು ನಿಮಿಷ ಬೇಕಾಯಿತು. ಎಂದರೆ ಗಂಟೆಗೆ ಆರುನೂರು ಲೀಟರು. ಪೆಟ್ಟಿಗೆಯ ಮೇಲೆ ಐದು ಸಾವಿರ! ಅಂಗಡಿಯವನು ಮೋಸ ಮಾಡಿದನೆಂದು ನಾನು ಕೂಗಾಡಲು ಹೊರಟೆ. ಭಾವನವರು ತಡೆದರು. ಅವನದು ಸುಳ್ಳಲ್ಲವಂತೆ. ಐದು ಸಾವಿರವೆಂಬುದು ಪಂಪು ಯಾವ ಎತ್ತರಕ್ಕೂ ನೀರೆತ್ತದೆ ಸುಮ್ಮನೆ ಪಕ್ಕಕ್ಕೆ ಚೆಲ್ಲುವಾಗ ಬರುವ ಲೆಕ್ಕ. ನಾಲ್ಕೂವರೆ ಮೀಟರೆಂಬುದು ಒಂದು ಹನಿಯೂ ಬೀಳದೆ ನೀರು ನಿಲ್ಲುವ ಎತ್ತರ. ಎರಡೂ ನಿಜ, ಎರಡೂ ಒಟ್ಟಿಗೆ ನಿಜವಲ್ಲ. ನಡುವೆ ಯಾವ ಎತ್ತರಕ್ಕೆ ಎಷ್ಟು ನೀರು ಎಂಬ ಗೆರೆಯೊಂದು ಪಂಪಿನ ಜತೆಯ ಕಾಗದದಲ್ಲಿ ಇರುತ್ತದೆ, ನೋಡಬೇಕಾದದ್ದು ಅದನ್ನು. ಆಯವ್ಯಯದ ಪಟ್ಟಿಯಲ್ಲಿ ಒಂದೇ ಕಡೆಯ ಮೊತ್ತ ನೋಡಿ ರುಜು ಹಾಕಿದವನಂತೆ ನಾನು ಎರಡು ಸಲ ಮೋಸಹೋಗಿದ್ದೆ.

“ನಮ್ಮ ಕಡೆ ಎಷ್ಟೋ ಜನ ಹಾರ್ಸ್‌ಪವರು ನೋಡಿ ಪಂಪ್‌ಸೆಟ್ಟು ತರುತ್ತಾರೆ. ನೀರು ಗುಡ್ಡದ ಅರ್ಧಕ್ಕೆ ಬಂದು ನಿಂತಮೇಲೆ ಕರೆಂಟಿನವರನ್ನು ಬಯ್ಯುತ್ತಾರೆ” ಎಂದರು ಭಾವ. ಅರ್ಧಕ್ಕೆ ನಿಂತ ನೀರನ್ನು ಕಂಡವನು ನಾನೊಬ್ಬನೇ ಅಲ್ಲವೆಂದು ತಿಳಿದು ಸ್ವಲ್ಪ ಸಮಾಧಾನವಾಯಿತು.

ಇನ್ನು ಕೊಳವೆ. ನೀರು ಹರಿಯುವಾಗ ಕೊಳವೆಯ ಗೋಡೆಗೆ ಉಜ್ಜಿಕೊಂಡು, ಮೂಲೆಗಳಲ್ಲಿ ತಿರುಗಿ ಬಲ ಕಳೆದುಕೊಳ್ಳುತ್ತದೆ. ಅದನ್ನೂ ಎತ್ತರಕ್ಕೆ ಸೇರಿಸಬೇಕು. ನಮ್ಮಲ್ಲಿ ಎಂಟು ಮೀಟರು ಕೊಳವೆ, ಐದು ತಿರುವು. ಮುಕ್ಕಾಲಿಂಚಿನ ಕೊಳವೆಯಲ್ಲಿ ನಮಗೆ ಬೇಕಾದ ನೀರನ್ನು ಹರಿಸಿದರೆ ಈ ಉಜ್ಜಾಟಕ್ಕೇ ಮೂರೂವರೆ ಮೀಟರಿಗೂ ಮೇಲೆ ಹೋಗುತ್ತದೆ. ಮನೆಗೆ ಇನ್ನೊಂದು ಅಂತಸ್ತು ಕಟ್ಟಿಸಿದಂತೆಯೇ ಸರಿ. ಅದೇ ಒಂದೂಕಾಲಿಂಚಿನದಾದರೆ ಅರ್ಧ ಮೀಟರೂ ಆಗದು. ವ್ಯಾಸ ಅರ್ಧವಾದರೆ ಅಷ್ಟೇ ನೀರಿಗೆ ನಷ್ಟ ಸುಮಾರು ಮೂವತ್ತು ಪಟ್ಟು ಏರುತ್ತದೆ. ಮಿಕ್ಕಿದ್ದ ಕೊಳವೆಯಲ್ಲಿ ನಾಲ್ಕು ಕಾಸು ಉಳಿಸಿದ್ದೆನೆಂದು ಹಿಂದೆ ಹೇಳಿಕೊಂಡಿದ್ದೆ; ಆ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಮಾರನೆಯ ದಿನ ಇಬ್ಬರೂ ಚಾವಡಿ ಬಜಾರಿಗೆ ಹೋಗಿ ದಪ್ಪ ಕೊಳವೆಯನ್ನೂ, ಮೊಂಡಾದ ಮೂಲೆಗಳ ಬದಲು ನೀಳವಾಗಿ ಬಾಗಿದ ತಿರುವುಗಳನ್ನೂ ತಂದೆವು.

ಆದ್ದರಿಂದ ಬೇಕಾದದ್ದು ನಾಲ್ಕೂವರೆ ಮೀಟರಿನ ಎತ್ತರದಲ್ಲಿ ಗಂಟೆಗೆ 2400 ಲೀಟರು ಕೊಡುವ ಪಂಪು. ಹಾಗಾದರೆ ದೊಡ್ಡದನ್ನೇ ತಂದುಬಿಟ್ಟರಾಯಿತಲ್ಲ ಎಂದು ನಳದ ಕೆಲಸದವನು ಸಲಹೆ ಕೊಟ್ಟ. ತಾರಸಿಗೆ ನೀರೇರಿಸುವ ಅರ್ಧ ಕುದುರೆಶಕ್ತಿಯ ಮೋಟಾರು ಅವನ ಹತ್ತಿರವೇ ಇತ್ತು. ನಾನು ತಲೆದೂಗಿಯೂ ಬಿಟ್ಟಿದ್ದೆ. ಆದರೆ ಆ ಮೋಟಾರು ದಿನಕ್ಕೆ ಅರ್ಧ ಗಂಟೆ ಓಡುವಂಥದು. ಇದು ಹಗಲಿರುಳು ಓಡಬೇಕು. 370 ವ್ಯಾಟಿನಂತೆ ಹಿಡಿದರೂ ತಿಂಗಳಿಗೆ 266 ಯೂನಿಟ್ಟು. ಕಬ್ಬಿಣದ ಒಡಲಿನದಾದರೆ ಮೀನಿನ ನೀರಿಗೆ ತುಕ್ಕು ಬೇರೆ.

ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತುಂಟು. ನೀರಿನಲ್ಲಿ ಮುಳುಗಿ ಕೆಲಸ ಮಾಡುವ ಪಂಪು ತಾನು ತಿನ್ನುವ ವಿದ್ಯುತ್ತನ್ನು ಹೆಚ್ಚುಕಡಮೆ ಎಲ್ಲವನ್ನೂ ಆ ನೀರಿಗೇ ಶಾಖವಾಗಿ ಕೊಡುತ್ತದೆ. ನಾವು ಕೊನೆಗೆ ತಂದದ್ದು 110 ವ್ಯಾಟಿನದು. ಶಾಖ ಹೊರಗೆ ಹೋಗಲು ದಾರಿಯೇ ಇಲ್ಲದಿದ್ದರೆ ಅಷ್ಟೇ ಸಾಕು, ನಮ್ಮ ನೀರು ದಿನಕ್ಕೆ ಮೂರು ಡಿಗ್ರಿಗೂ ಮೀರಿ ಏರಲು. ತಂಪು ಮಾಡಲೆಂದು ದೊಡ್ಡ ಪಂಪು ತಂದು ನೀರನ್ನು ಕಾಯಿಸಿಕೊಂಡವರ ಸಾಲಿಗೆ ನಾನೂ ಸೇರುತ್ತಿದ್ದೆ. ನೀರಿನ ಹೊರಗೆ ನಿಲ್ಲಿಸುವ ಪಂಪೂ ಉಂಟು, ಅದರ ಶಾಖ ಬಹುಮಟ್ಟಿಗೆ ಗಾಳಿಗೆ ಹೋಗುತ್ತದೆ; ಆದರೆ ಅದಕ್ಕಾಗಿ ಸಂಪಿನ ಮಗ್ಗುಲಿಗೆ ತೂತು ಕೊರೆಯಬೇಕು. ಸೋರುವುದೆಂಬ ಮಾತು ಆ ಮನೆಯಲ್ಲಿ ಎತ್ತುವ ಧೈರ್ಯ ನನಗೆ ಉಳಿದಿರಲಿಲ್ಲ.

ಪಂಪು ಬೇಕಾದ್ದಕ್ಕಿಂತ ಒಂದು ಗುಕ್ಕು ಹೆಚ್ಚೇ ಇರಲಿ, ಮೇಲೇರುವ ಕೊಳವೆಯಲ್ಲಿ ಒಂದು ಗೇಟ್ ವಾಲ್ವು ಇಟ್ಟು ತಿರುಪಿ ಕಡಮೆ ಮಾಡಿಕೊಳ್ಳಬಹುದು, ಆದರೆ ಪಂಪು ನೀರು ಹೀರುವ ಕಡೆಗೆ ಮಾತ್ರ ಅಡ್ಡಿ ಮಾಡಕೂಡದು ಎಂದು ಭಾವನವರು ಹೇಳಿದರು. ಹಿಂದಕ್ಕೆ ಬಾರದಂತೆ ತಡೆಯುವ ನನ್ನ ವಾಲ್ವನ್ನು ಕೈಯಲ್ಲಿ ಹಿಡಿದು ನಕ್ಕರು. “ಇದು ನಮ್ಮ ಫುಟ್‌ಬಾಲಿನ ತಮ್ಮ” ಎಂದರು. ಪಂಪ್‌ಸೆಟ್ಟಿನ ಫುಟ್ ವಾಲ್ವಿಗೆ ನಮ್ಮ ರೈತರು ಇಟ್ಟಿರುವ ಹೆಸರು ಅದು. “ಇದು ಮುಚ್ಚಿಕೊಳ್ಳುತ್ತದೆ, ಇಲ್ಲವೆನ್ನುವುದಿಲ್ಲ. ಒಂದು ಕಡ್ಡಿ ಸಿಕ್ಕಿಕೊಳ್ಳುವವರೆಗೆ. ಇದು ಇಲ್ಲವೆಂದೇ ತಿಳಿದು ಮಾಡಿ, ಭಾವ.”

ಹಾಗೆಯೇ ಮಾಡಿದೆವು. ಕೊಳವೆಯ ಬಾಯನ್ನು ನೀರಿನ ಮೇಲ್ಮೈಗೆ ಒಂದಂಗುಲ ಕೆಳಗೆ ತಂದೆವು. ಅದಕ್ಕೂ ಮೇಲೆ, ನೀರಿನ ಮಟ್ಟಕ್ಕೆ ತುಸು ಕೆಳಗೆ, ಕೊಳವೆಗೆ ಒಂದು ಸಣ್ಣ ತೂತು ಕೊರೆದೆವು. ಪಂಪು ನಿಂತು ನೀರು ಕೊಂಚ ಇಳಿದ ಕೂಡಲೆ ಆ ತೂತು ಗಾಳಿ ಎಳೆದುಕೊಳ್ಳುತ್ತದೆ, ಹಿಂದಕ್ಕೆ ಸೇದುವುದು ಅಲ್ಲಿಗೆ ಮುರಿಯುತ್ತದೆ. ಪಂಪು ನಿಲ್ಲಿಸಿ, ಇಳಿಯುವ ನೀರೆಲ್ಲ ಇಳಿದಮೇಲೂ ಸಂಪಿನಲ್ಲಿ ಗೇಣು ಜಾಗ ಉಳಿಯುವಂತೆ ನೀರಿನ ಮಟ್ಟಕ್ಕೆ ಕೆಂಪು ಬಣ್ಣದಲ್ಲಿ ಗೆರೆ ಎಳೆದೆವು. ಪ್ಲಗ್ಗಿನ ಹಲಗೆಯನ್ನು ಎದೆಯೆತ್ತರಕ್ಕೆ ಏರಿಸಿ, ನೀರಿನಲ್ಲಿ ವಿದ್ಯುತ್ತು ಸೋರಿದರೆ ತಾನೇ ಕಡಿದುಕೊಳ್ಳುವ ಸ್ವಿಚ್ಚನ್ನೂ ಹಾಕಿಸಿದೆವು. ಪತ್ರಗಳನ್ನು ನನ್ನಾಕೆ ತಗಡಿನ ಡಬ್ಬಿಯಲ್ಲಿ ತುಂಬಿ ಮಲಗುವ ಕೋಣೆಯ ಅಟ್ಟಕ್ಕೆ ಏರಿಸಿದಳು. ನನ್ನನ್ನು ಕೇಳಲಿಲ್ಲ.

ಹೊಸ ಪಂಪು ಓಡಿದ ದಿನ ಬಕೆಟ್ಟು ಮೂವತ್ತು ಸೆಕೆಂಡಿನಲ್ಲಿ ತುಂಬಿತು. ಭಾವನವರು ಗಡಿಯಾರ ಹಿಂದಿರುಗಿಸಿ, ಇನ್ನು ಕಾಫಿ ಆಗಬಹುದು ಎಂದರು.

ಆ ವರ್ಷದ ಬೇಸಗೆ ದಿಲ್ಲಿಯವರಿಗೆ ನೆನಪಿರುತ್ತದೆ. 2024ರ ಮೇ 29ರಂದು ಸಫ್ದರ್‌ಜಂಗಿನಲ್ಲಿ 46.8 ಡಿಗ್ರಿ. ಅಂದು ಮಧ್ಯಾಹ್ನ ನಮ್ಮ ನಡುಮನೆಯಲ್ಲಿ 37, ತೊಟ್ಟಿಯಲ್ಲಿ 29. ಒಣ ಹವೆಯಲ್ಲಿ ಸಂಪಿನ ಮೇಲಿನ ಫ್ಯಾನು ಕೂಲರಿನ ಕೆಲಸವನ್ನೇ ಮಾಡುತ್ತದೆ. ದಿನಕ್ಕೆ ಎಂಟು ಹತ್ತು ಲೀಟರು ನೀರು ಆರಿಹೋಗುತ್ತಿತ್ತು, ಮತ್ತೆ ತುಂಬುತ್ತಿದ್ದೆವು. ಐದು ಮೀನುಗಳೂ ತಳದಲ್ಲಿ ಆರಾಮವಾಗಿ ಕಲ್ಲು ಕೆದಕುತ್ತಿದ್ದವು. ಜೂನ್ 28ರಂದು ಮಳೆ ಹೊಡೆಯಿತು, ಒಂದೇ ದಿನದಲ್ಲಿ 228 ಮಿಲಿಮೀಟರು. ನಮ್ಮ ನೆಲಮಾಳಿಗೆಗೆ ಮೆಟ್ಟಿಲಿನಿಂದ ಗೇಣು ನೀರು ಇಳಿದು ಬಂತು. ರಜಾಯಿಗಳು ಒದ್ದೆಯಾದವು. ಅಟ್ಟದ ಮೇಲಿನ ಡಬ್ಬಿಯತ್ತ ನಾವಿಬ್ಬರೂ ಏಕಕಾಲಕ್ಕೆ ನೋಡಿದೆವು. ಯಾರೂ ಏನೂ ಹೇಳಲಿಲ್ಲ.

ಭಾವನವರು ಊರಿಗೆ ಹೊರಡುವ ಮುನ್ನ ಅಣ್ಣ ತಂಗಿ ಇಬ್ಬರೂ ಮೂರು ಸಂಜೆ ಆ ನೀಲಿ ಕಾಗದಗಳನ್ನು ಹರಡಿಕೊಂಡು ಕುಳಿತಿದ್ದರು. ಆಕೆಗೆ ಅವುಗಳಲ್ಲಿ ಎಷ್ಟೋ ಬಾಯಿಗೆ ಬರುತ್ತಿದ್ದವು. ಅವರಿಗೆ ಇಸವಿ, ಮಳೆ, ಯಾವ ಹಸು ಕರು ಹಾಕಿತ್ತು, ಯಾರ ಮನೆಯ ಉಪನಯನ ಎಂಬುದೆಲ್ಲ ನೆನಪಿತ್ತು. ನೆನಪಾದಷ್ಟನ್ನು ಆಕೆ ಆ ಕಾಗದಗಳ ಮೇಲೆಯೇ ಪೆನ್ಸಿಲಿನಲ್ಲಿ ಬರೆದಳು. ಪೆನ್ಸಿಲೇ ಏಕೆಂದು ನಾನು ಕೇಳಿದೆ. “ನೀರಿಗೆ ಹೋಗುವುದಿಲ್ಲ” ಎಂದಳು.

ತಿಂಗಳ ಒಂದನೆಯ ತಾರೀಖು ನಾನು ಬಕೆಟ್ಟು ಹಿಡಿಯುತ್ತೇನೆ. ಕಳೆದ ಸಲ ಮೂವತ್ತನಾಲ್ಕು ಸೆಕೆಂಡು ಬಂತು. ದಿಲ್ಲಿಯ ಗಡಸು ನೀರು. ಪಂಪಿನ ಚಕ್ರಕ್ಕೆ ಸುಣ್ಣ ಕಟ್ಟಿರಬೇಕು. ಬರುವ ಭಾನುವಾರ ಬಿಚ್ಚಿ ವಿನಿಗರಿನಲ್ಲಿ ನೆನೆಹಾಕಬೇಕು. ಅಷ್ಟು ಹೊತ್ತು ಓಡಿಸಲೆಂದು ಇನ್ನೊಂದು ಪಂಪನ್ನು ಕಪಾಟಿನಲ್ಲಿ ತಂದಿಟ್ಟಿದ್ದೇನೆ, ಕಾಗದದ ಗೆರೆ ನೋಡಿಯೇ.